ಮುಳ್ಳಿಗೂ ಸವಾಲು: ಸಾವಿರ ಕಳ್ಳಿ ಕುಂಡ ಹರಾಜಿಗಿಡುವ ಬಗೆ

ಬಾಗಲಕೋಟೆ ಸೀಮೆಯವರಿಗೆ ಸವಾಲು ಕೂಗುವುದನ್ನು ಯಾರೂ ಕಲಿಸಬೇಕಿಲ್ಲ. ಗಣಪತಿ ಕಳಿಸುವ ಮುನ್ನ ಮೂರ್ತಿಯ ಮುಂದಿನ ತೆಂಗಿನಕಾಯಿ, ಲಾಡು, ಹೂವಿನ ಹಾರಕ್ಕೆಲ್ಲ ಸವಾಲು ನಡೆಯುತ್ತದೆ. ‘ಒಂದ್ ಸಾರಿ, ಎರಡ್ ಸಾರಿ...’ ಎನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ಇನ್ನೊಂದು ಕೈ ಏಳುತ್ತದೆ. ಎಪಿಎಂಸಿ ಅಂಗಳದಲ್ಲಿ ಈರುಳ್ಳಿ, ಮೆಣಸಿನಕಾಯಿ ಲಿಲಾವು ನೋಡಿ ಬೆಳೆದ ಮಕ್ಕಳೂ ಇಲ್ಲಿದ್ದಾರೆ. ಇಂಥ ಊರಲ್ಲಿ ಕಳ್ಳಿ ಗಿಡಗಳ ಹರಾಜು ಇಡುತ್ತೇವೆ ಎಂದರೆ ಎದುರಾಗುವ ಪ್ರಶ್ನೆ ಒಂದೇ: ‘ಕಳ್ಳಿಗೂ ರೊಕ್ಕಾ ಕೊಡ್ತಾರೇನ್ರೀ?’

ಪ್ರಶ್ನೆಯಲ್ಲಿ ತಪ್ಪಿಲ್ಲ. ಇಲ್ಲಿ ಕಳ್ಳಿ ಎಂದರೆ ಹೊಲದ ಬೇಲಿ, ಹಾಳುಬಿದ್ದ ಕೋಟೆಗೋಡೆ, ದನ ಬಾಯಿ ಹಾಕದ ಗಿಡ. ಮುಳ್ಳಿನ ಗಿಡ ಮನೆಯೊಳಗೆ ಇಡಬಾರದೆಂಬ ಹಿರಿಯರ ಮಾತು ಬೇರೆ. ಆದರೆ ಬೇಲಿಯ ಆ ಪಾಪಾಸುಕಳ್ಳಿ ಈ ನೆಲದ್ದಲ್ಲ. ಅಮೆರಿಕ ಖಂಡದಿಂದ ಬಂದ ಅತಿಥಿ. ಅದರ ಮೇಲೆ ಬದುಕುವ ಕೊಚಿನೀಲ್ ಹುಳುವಿನಿಂದ ತೆಗೆಯುವ ಕೆಂಪು ಬಣ್ಣಕ್ಕೆ ಯುರೋಪಿನಲ್ಲಿ ಭಾರಿ ಬೇಡಿಕೆಯಿತ್ತು. ಒಳ್ಳೆಯ ಕೆಂಪಿನ ಬೆಲೆ ಎಂಥದ್ದೆಂದು ಸೀರೆ ನೇಯುವ ಇಳಕಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಈಸ್ಟ್ ಇಂಡಿಯಾ ಕಂಪನಿಯೂ ಆ ಆಸೆಗೆ ಬಿತ್ತು. 1795ರಲ್ಲಿ ಬ್ರೆಜಿಲ್‌ನಿಂದ ಹುಳು ತರಿಸಿದರೆ, ಬಂದದ್ದು ಅಸಲಿ ಬಣ್ಣದ ಹುಳುವಲ್ಲ, ಅದರ ದಾಯಾದಿ. ಬಣ್ಣದ ಉದ್ಯಮ ಬಿದ್ದುಹೋಯಿತು, ಕಳ್ಳಿ ಮಾತ್ರ ಉಳಿದು ಹಬ್ಬಿತು. ಕೊನೆಗೆ 1926ರಲ್ಲಿ ಶ್ರೀಲಂಕಾದಿಂದ ಮತ್ತೊಂದು ಜಾತಿಯ ಹುಳು ತಂದು ಬಿಟ್ಟ ಮೇಲೆ ದಕ್ಷಿಣ ಭಾರತದಲ್ಲಿ ಪಾಪಾಸುಕಳ್ಳಿಯ ಪೊದೆಗಳು ಕರಗಿದವು. ಕಳೆಯನ್ನು ಹುಳುವಿನಿಂದ ಹತೋಟಿಗೆ ತಂದ ಜಗತ್ತಿನ ಮೊದಲ ಯಶಸ್ಸುಗಳ ಪಟ್ಟಿಯಲ್ಲಿ ಈ ಕಥೆಯೂ ಇದೆ. ಒಂದು ಗಿಡವನ್ನು ನಿರ್ಮೂಲ ಮಾಡಲು ಇಷ್ಟು ಒದ್ದಾಡಿದ ನಾಡಿನಲ್ಲಿ ಅದರ ಬಳಗದವರನ್ನು ಕುಂಡದಲ್ಲಿಟ್ಟು ಸಾಕುವವರನ್ನು ಕಂಡರೆ ಜನ ನಗದಿರುತ್ತಾರೆಯೇ?

ಸಾಕುವವರು ಮಾತ್ರ ಇದ್ದಾರೆ. ಹರಿಯಾಣದ ಪಂಚಕುಲದಲ್ಲಿ 1987ರಲ್ಲಿ ಶುರುವಾದ ರಾಷ್ಟ್ರೀಯ ಕಳ್ಳಿ ಉದ್ಯಾನ ಏಳು ಎಕರೆಯಷ್ಟಿದೆ. ಅದರ ಹಿಂದೆ ಡಾ. ಜೆ.ಎಸ್. ಸರ್ಕಾರಿಯಾ ಎಂಬ ಒಬ್ಬರ ಹುಚ್ಚಿತ್ತು. ಮಧ್ಯಪ್ರದೇಶದ ಸೈಲಾನಾದಲ್ಲಿ ಅರಮನೆಯ ಅಂಗಳವೇ ಕಳ್ಳಿ ತೋಟ. ಪಶ್ಚಿಮ ಬಂಗಾಳದ ಕಾಲಿಂಪಾಂಗ್‌ನಲ್ಲಿ ಪ್ರವಾಸಿಗರು ಟಿಕೆಟ್ ತೆಗೆಸಿ ಕಳ್ಳಿ ನೋಡುತ್ತಾರೆ. ಇವೆಲ್ಲ ದೊಡ್ಡ ಹೆಸರುಗಳು. ಸಣ್ಣ ಸಂಗ್ರಹಗಳು ಇರುವುದು ನಿವೃತ್ತ ಮಾಸ್ತರರ, ಬ್ಯಾಂಕ್ ನೌಕರರ, ವೈದ್ಯರ ಮಾಳಿಗೆಗಳ ಮೇಲೆ. ಬಾಗಲಕೋಟೆಯ ಹವೆ ಈ ಗಿಡಗಳಿಗೆ ಒಗ್ಗುವಂಥದ್ದು: ವರ್ಷದ ಮಳೆ 600 ಮಿಲಿಮೀಟರ್‌ಗೂ ಕಡಿಮೆ, ಬಿಸಿಲು ಧಾರಾಳ. ಸಾಕುವವರಿಗೆ ವಯಸ್ಸಾದಾಗ, ಮಕ್ಕಳು ಪುಣೆ, ಬೆಂಗಳೂರು ಸೇರಿದಾಗ, ಮಾಳಿಗೆಯ ಮೆಟ್ಟಿಲು ಹತ್ತಲಾಗದಾದಾಗ ಮನೆಮಂದಿಗೆ ಸಾವಿರ ಕುಂಡ ಏನು ಮಾಡಬೇಕೆಂದು ತೋಚುವುದಿಲ್ಲ.

ದಾರಿಗಳು ಮೂರು. ಒಬ್ಬ ನರ್ಸರಿಯವರಿಗೆ ಇಡೀ ಗುಡ್ಡೆ ಕೊಟ್ಟುಬಿಡುವುದು: ಒಂದೇ ದಿನದಲ್ಲಿ ಮಾಳಿಗೆ ಖಾಲಿ, ಕೈಗೆ ಬರುವುದು ಮಾತ್ರ ತೀರ ಕಡಿಮೆ. ಎರಡನೆಯದು ಯಾವುದಾದರೂ ಸಂಸ್ಥೆಗೆ ದಾನ. ಮೂರನೆಯದು ಹರಾಜು. ಇನ್ನೂರು ಕುಂಡದೊಳಗಿನ ಸಂಗ್ರಹಕ್ಕೆ ಹರಾಜಿನ ಉಸಾಬರಿ ಬೇಡ. ಮಂಟಪದ ಬಾಡಿಗೆಯೂ ಹುಟ್ಟಲಿಕ್ಕಿಲ್ಲ. ಐನೂರು ದಾಟಿ, ಅದರಲ್ಲಿ ನೂರಾದರೂ ಹೆಸರು ಗೊತ್ತಿರುವ, ವಯಸ್ಸಾದ ಗಿಡಗಳಿದ್ದರೆ ಹರಾಜಿಗೆ ಅರ್ಥವಿದೆ.

ಬೆಲೆ ಇರುವುದು ಚೀಟಿಯಲ್ಲಿ

ಹರಾಜು ಗೆಲ್ಲುವುದು ಸುತ್ತಿಗೆ ಬೀಳುವ ದಿನವಲ್ಲ. ಆರು ತಿಂಗಳು ಮೊದಲು, ಒಂದು ಉದ್ದ ನೋಟುಬುಕ್ಕಿನಲ್ಲಿ.

ಮನೆಮಂದಿ ಮಾಡುವ ಮೊದಲ ಅನಾಹುತವೇ ಸ್ವಚ್ಛತೆ. ಮಾಸಿದ, ಮುರಿದ ಪ್ಲಾಸ್ಟಿಕ್ ಪಟ್ಟಿಗಳನ್ನು ಕಿತ್ತೆಸೆದು, ಕುಂಡ ತೊಳೆದು, ಸಾಲಾಗಿ ಜೋಡಿಸುತ್ತಾರೆ. ನೋಡಲು ಚೆಂದ. ಆದರೆ ಆ ಪಟ್ಟಿಯ ಮೇಲಿತ್ತಲ್ಲ ಗೀಚಿದ ಎರಡಕ್ಷರ ಮತ್ತು ಒಂದು ಅಂಕಿ, ಗಿಡದ ಅರ್ಧ ಬೆಲೆ ಅದರದ್ದೇ. ಕಳ್ಳಿ ಲೋಕದಲ್ಲಿ ಕ್ಷೇತ್ರ ಸಂಖ್ಯೆ ಎಂಬುದೊಂದಿದೆ. ಬೀಜ ಯಾವ ಬೆಟ್ಟದ, ಯಾವ ಕಣಿವೆಯ ಗಿಡದಿಂದ ಬಂತು ಎಂಬುದನ್ನು ಸಂಗ್ರಾಹಕರು ತಮ್ಮ ಹೆಸರಿನ ಮೊದಲಕ್ಷರ ಮತ್ತು ಅಂಕಿಯಿಂದ ಗುರುತಿಸುತ್ತಾರೆ. ‘ಎಫ್‌ಆರ್’ ಎಂದರೆ ದಕ್ಷಿಣ ಅಮೆರಿಕ ಸುತ್ತಿದ ಫ್ರೀಡ್ರಿಶ್ ರಿಟ್ಟರ್; ‘ಎಸ್‌ಬಿ’ ಎಂದರೆ ನ್ಯೂ ಮೆಕ್ಸಿಕೋದ ಮೆಸಾ ಗಾರ್ಡನ್ ಕಟ್ಟಿದ ಸ್ಟೀವನ್ ಬ್ರ್ಯಾಕ್. ಪಟ್ಟಿ ಹೋದರೆ ಅದೇ ಗಿಡ ‘ಯಾವುದೋ ಮ್ಯಾಮಿಲೇರಿಯ’ ಆಗಿಬಿಡುತ್ತದೆ. ಊರಿನ ಹೆಸರಿಲ್ಲದ ಸೀರೆಗೆ ಇಳಕಲ್ ಸೀರೆಯ ದರ ಸಿಗುತ್ತದೆಯೇ?

ಹಾಗಾಗಿ ಒಂದು ಕುಂಡವನ್ನೂ ಸರಿಸುವ ಮೊದಲು ಇದ್ದ ಜಾಗದಲ್ಲೇ ಪ್ರತಿ ಸಾಲಿನ ಫೋಟೊ ತೆಗೆಯಬೇಕು. ಪಟ್ಟಿ ಓದುವಂತೆ ಒಂದು, ಗಿಡದ ಪಕ್ಕ ಸ್ಕೇಲು ಹಿಡಿದು ಇನ್ನೊಂದು. ನಂತರ ಸಂಖ್ಯೆ. ಮಾರ್ಕರ್ ಪೆನ್ನಿನ ಮಸಿ ಇಲ್ಲಿನ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಮಾಯವಾಗುತ್ತದೆ. ಮೆತ್ತಗಿನ ಪೆನ್ಸಿಲ್ಲಿನಿಂದ ಬರೆದದ್ದು ವರ್ಷಗಟ್ಟಲೆ ಉಳಿಯುತ್ತದೆ. ಇದನ್ನು ನಂಬದವರು ಹಳೆ ಸಂಗ್ರಾಹಕರ ಕುಂಡಗಳನ್ನೇ ನೋಡಬಹುದು: ಪೆನ್ಸಿಲ್ ಬರಹ ಇದೆ, ಪೆನ್ನಿನದ್ದು ಇಲ್ಲ. ತಂಪು ಪಾನೀಯದ ಡಬ್ಬಿ ಕತ್ತರಿಸಿ, ಮೊಳೆಯಿಂದ ಅಂಕಿ ಕೊರೆದು ಸಿಕ್ಕಿಸಿದರೆ ಇನ್ನೂ ಗಟ್ಟಿ. ಅದೇ ಸಂಖ್ಯೆ ಕುಂಡದ ಮೈಮೇಲೂ ಇರಲಿ. ಪಟ್ಟಿ ಬಿದ್ದುಹೋಗುವ ವಸ್ತು.

ಹಳೆಯ ಹೆಸರು ‘ತಪ್ಪು’ ಎಂದು ಹೊಸ ಚೀಟಿ ಬರೆಯುವ ಉತ್ಸಾಹವೂ ಬೇಡ. ಸಸ್ಯಶಾಸ್ತ್ರಜ್ಞರು ಹೆಸರು ಬದಲಿಸುತ್ತಲೇ ಇರುತ್ತಾರೆ. ಬಂಗಾರದ ಬಣ್ಣದ ಮುಳ್ಳಿನ ದುಂಡು ಕಳ್ಳಿ ಬಹುಕಾಲ ಎಕಿನೊಕ್ಯಾಕ್ಟಸ್ ಗ್ರುಸೊನಿಯೈ ಆಗಿತ್ತು, ಈಗ ಕ್ರೋನ್‌ಲೈನಿಯ ಗ್ರುಸೊನಿಯೈ. ಹಳೆಯದನ್ನು ಹಾಗೇ ಬಿಟ್ಟು, ಹೊಸದನ್ನು ಪಟ್ಟಿಯ ಪುಸ್ತಕದಲ್ಲಿ ಪಕ್ಕಕ್ಕೆ ಬರೆದರೆ ಸಾಕು. ಅಂದ ಹಾಗೆ, ಈ ಗಿಡದ ಕಥೆ ಬಾಗಲಕೋಟೆಯವರಿಗೆ ನಾಟುವಂಥದ್ದು. ನರ್ಸರಿಗಳಲ್ಲಿ ಲಕ್ಷಗಟ್ಟಲೆ ಸಿಗುವ ಇದರ ಮೂಲ ನೆಲೆಯ ದೊಡ್ಡ ಭಾಗ 1990ರ ದಶಕದಲ್ಲಿ ಮೆಕ್ಸಿಕೋದ ಜಿಮಾಪಾನ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದವರ ಮಾಳಿಗೆಯ ಮೇಲೆ ಅದೇ ಗಿಡ ಕೂತಿದ್ದರೆ, ಕೊಳ್ಳುವವರಿಗೆ ಕೊಡುವ ಹರಾಜಿನ ಕೈಪಿಡಿಯಲ್ಲಿ ಆ ಒಂದು ಸಾಲನ್ನು ಅಚ್ಚು ಹಾಕಿಸಲೇಬೇಕು.

ಹೆಸರೇ ಗೊತ್ತಿಲ್ಲದ ಗಿಡಗಳಿಗೆ ಏನು? ಮೊದಲು ಕಳ್ಳಿ ಯಾವುದು, ಕಳ್ಳಿಯಂತೆ ಕಾಣುವುದು ಯಾವುದು ಎಂದು ಬೇರ್ಪಡಿಸಬೇಕು. ಕ್ಯಾಕ್ಟಸ್ ಕುಟುಂಬದ ಗಿಡದಲ್ಲಿ ಮುಳ್ಳು ಹುಟ್ಟುವುದು ಹತ್ತಿಯಂಥ ಸಣ್ಣ ಗದ್ದುಗೆಯಿಂದ. ನಮ್ಮ ಚದುರಗಳ್ಳಿಯಂಥವಕ್ಕೆ ಆ ಗದ್ದುಗೆ ಇಲ್ಲ, ಗೀರಿದರೆ ಹಾಲು ಬರುತ್ತದೆ. ಅವು ಯೂಫೋರ್ಬಿಯ, ಬೇರೆಯೇ ಕುಲ. ಕೊಳ್ಳುವವರಲ್ಲಿ ಎರಡು ಪಂಗಡಗಳೂ ಇರುವುದರಿಂದ ಎರಡನ್ನೂ ಬೇರೆ ಬೇರೆ ಪುಟದಲ್ಲಿ ಹಾಕಬೇಕು. ಮುಂದಿನ ಹಂತಕ್ಕೆ ತಿಳಿದವರು ಬೇಕು. ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ 2008ರಿಂದ ಬಾಗಲಕೋಟೆಯಲ್ಲೇ ಇದೆ. ಅಲಂಕಾರಿಕ ಸಸ್ಯಗಳನ್ನು ಓದಿದವರು ಅಲ್ಲಿ ಸಿಗುತ್ತಾರೆ. ವಾರಾಂತ್ಯದಲ್ಲಿ ನಾಲ್ಕಾರು ವಿದ್ಯಾರ್ಥಿಗಳನ್ನು ಕರೆಸಿ, ಊಟ ಹಾಕಿ, ಪಟ್ಟಿ ಮಾಡಿಸುವುದು ಇಬ್ಬರಿಗೂ ಲಾಭ. ಅವರಿಗೂ ಹೆಸರು ತಿಳಿಯದ ಗಿಡಕ್ಕೆ ‘ಹೆಸರು ಖಚಿತವಿಲ್ಲ’ ಎಂದೇ ಬರೆಯಬೇಕು. ಊಹೆಯ ಹೆಸರಿನಲ್ಲಿ ಮಾರಿದರೆ ಸಂಜೆಯೊಳಗೆ ಜಗಳ.

ಕಾನೂನಿನ ಮುಳ್ಳು

ಕ್ಯಾಕ್ಟಸ್ ಕುಟುಂಬ ಹೆಚ್ಚುಕಡಿಮೆ ಪೂರ್ತಿಯಾಗಿ, ಪ್ರಾಣಿ-ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಭಾರತ ಈ ಒಪ್ಪಂದಕ್ಕೆ ಸೇರಿದ್ದು 1976ರಲ್ಲಿ. ಅರಿಯೊಕಾರ್ಪಸ್, ಡಿಸ್ಕೊಕ್ಯಾಕ್ಟಸ್, ಆಸ್ಟ್ರೊಫೈಟಮ್ ಆಸ್ಟೆರಿಯಾಸ್‌ನಂಥ ಕೆಲವು ಇನ್ನೂ ಬಿಗಿಯಾದ ಒಂದನೇ ಅನುಬಂಧದಲ್ಲಿವೆ. ಮಾಳಿಗೆಯ ಮೇಲೆ ಬೀಜದಿಂದ ಬೆಳೆಸಿದ ಸಾಮಾನ್ಯ ಕಳ್ಳಿಯನ್ನು ದೇಶದೊಳಗೆ ಮಾರಲು ಇದು ಅಡ್ಡಿಯಲ್ಲ. ಆದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ ಸೈಟಿಸ್ ಪಟ್ಟಿಯೇ ನಾಲ್ಕನೇ ಶೆಡ್ಯೂಲಾಗಿ ಸೇರಿಕೊಂಡಿದೆ. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಒಂದನೇ ಅನುಬಂಧದ ಗಿಡಗಳನ್ನು ವೃದ್ಧಿ ಮಾಡುವವರು ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ನೋಂದಾಯಿಸಬೇಕೆಂದು ಆ ಕಾಯ್ದೆ ಹೇಳುತ್ತದೆ. ಸಂಗ್ರಹದಲ್ಲಿ ಅಂಥ ಗಿಡಗಳಿದ್ದರೆ ಕೈಪಿಡಿ ಅಚ್ಚಿಗೆ ಹೋಗುವ ಮುಂಚೆ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಕೇಳುವುದು ಲೇಸು. ಬೀಜ ತರಿಸಿದ ರಸೀದಿ, ನರ್ಸರಿ ಬಿಲ್ಲು, ಹಳೆಯ ಪತ್ರ, ಯಾವುದನ್ನೂ ರದ್ದಿಗೆ ಹಾಕಬಾರದು.

ಇದು ಬರೀ ಕಾಗದದ ಭಯವಲ್ಲ. 2020ರಲ್ಲಿ ಇಟಲಿಯ ಸೆನಿಗಾಲಿಯ ಪಟ್ಟಣದ ಒಂದು ಮನೆಯಲ್ಲಿ ಪೊಲೀಸರು ಸಾವಿರಕ್ಕೂ ಹೆಚ್ಚು ಕಳ್ಳಿಗಳನ್ನು ವಶಪಡಿಸಿಕೊಂಡರು. ಚಿಲಿಯ ಅಟಕಾಮ ಮರುಭೂಮಿಯಿಂದ ಕಿತ್ತು ತಂದವು ಅವು, ಹೆಚ್ಚಿನವು ಕೊಪಿಯಾಪೊವ ಜಾತಿಯವು. ಮರುವರ್ಷ ನೂರಾರು ಗಿಡಗಳು ವಿಮಾನವೇರಿ ತವರಿಗೆ ಮರಳಿದವು. ಹೊರದೇಶದವರು ಫೋನಿನಲ್ಲಿ ಕೂಗುತ್ತೇನೆಂದರೆ ನಯವಾಗಿ ಬೇಡವೆನ್ನಬೇಕು: ರಫ್ತಿಗೆ ಸೈಟಿಸ್ ಪರವಾನಗಿಯೂ ಬೇಕು, ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು.

ಹರಾಜಿನ ಕಾನೂನು ಇದಕ್ಕಿಂತ ಸರಳ, ಹಳೆಯದು ಕೂಡ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮು ಅರ್ಧ ಪುಟದಷ್ಟಿದೆ; ಸಂಘಟಕರು ಅದನ್ನು ದೊಡ್ಡಕ್ಷರದಲ್ಲಿ ಬರೆಸಿ ಬಾಗಿಲಲ್ಲಿ ಹಚ್ಚಬಹುದು. ಒಮ್ಮೆಗೆ ಕೂಗುವ ಪ್ರತಿ ಲಾಟೂ ಒಂದೊಂದು ಪ್ರತ್ಯೇಕ ಒಪ್ಪಂದ. ಸುತ್ತಿಗೆ ಬಡಿದಾಗ ಅಥವಾ ರೂಢಿಯ ಬೇರೆ ರೀತಿಯಲ್ಲಿ ಸಾರಿದಾಗ ಮಾರಾಟ ಪೂರ್ತಿ. ನಮ್ಮ ‘ಮೂರ್ ಸಾರಿ’ ಆ ರೂಢಿಯೊಳಗೆ ಬರುತ್ತದೆ. ಅಲ್ಲಿಯವರೆಗೆ ಕೂಗಿದವರು ತಮ್ಮ ಕೂಗನ್ನು ಹಿಂದೆ ತೆಗೆದುಕೊಳ್ಳಬಹುದು. ಇಂತಿಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂಬ ಕನಿಷ್ಠ ಬೆಲೆ ಇಟ್ಟಿದ್ದರೆ ಅದನ್ನು ಮೊದಲೇ ಹೇಳಿರಬೇಕು. ಮಾಲೀಕರು ಕೂಗುವ ಹಕ್ಕನ್ನು ಮೊದಲೇ ಸಾರಿ ಕಾಯ್ದಿರಿಸದೆ, ತಾವಾಗಲಿ ತಮ್ಮ ಕಡೆಯವರಾಗಲಿ ಕೂಗುವಂತಿಲ್ಲ. ಬೆಲೆ ಏರಿಸಲು ಸುಳ್ಳು ಕೂಗು ಹಾಕಿಸಿದರೆ ಕೊಂಡವರು ಆ ಮಾರಾಟವನ್ನೇ ರದ್ದು ಮಾಡಬಹುದು. ಭಾವಮೈದುನನನ್ನು ಹಿಂದಿನ ಸಾಲಿನಲ್ಲಿ ಕೂರಿಸುವ ಯೋಚನೆಯಿದ್ದವರು ಈ ಕೊನೆಯ ಮಾತನ್ನು ಎರಡು ಸಲ ಓದಬೇಕು.

ಯಾವ ಬಗೆಯ ಸವಾಲು?

ಹರಾಜಿನಲ್ಲಿ ಬಗೆಗಳು ಹಲವು, ಕರ್ನಾಟಕದಲ್ಲಿ ಬಹುತೇಕ ಎಲ್ಲವೂ ಚಾಲ್ತಿಯಲ್ಲಿವೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಅಂತರರಾಷ್ಟ್ರೀಯ ಪುಷ್ಪ ಹರಾಜು ಕೇಂದ್ರದಲ್ಲಿ ಹಾಲೆಂಡಿನ ಪದ್ಧತಿ. ಗಡಿಯಾರದಂಥ ಫಲಕದಲ್ಲಿ ಬೆಲೆ ಮೇಲಿಂದ ಕೆಳಕ್ಕೆ ಇಳಿಯುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಗುಲಾಬಿ. ಬಾಡುವ ಸರಕಿಗೆ ಆ ವೇಗ ಬೇಕು. ಎಪಿಎಂಸಿಗಳ ಆನ್‌ಲೈನ್ ಟೆಂಡರಿನಲ್ಲಿ ಒಬ್ಬರ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಮುಗಿಸುವ ವ್ಯಾಪಾರ ಇನ್ನೂ ಗುಟ್ಟಿನದು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಖರೀದಿದಾರರು ಮೊದಲು ಒಂದು ಹಿಡಿ ಗೂಡು ಎತ್ತಿ, ಅಲುಗಿಸಿ, ಒತ್ತಿ ನೋಡುತ್ತಾರೆ. ಬೆಲೆಯ ಮಾತು ಆಮೇಲೆ.

ಕಳ್ಳಿ ಬಾಡುವ ಸರಕಲ್ಲ, ಎಲ್ಲವೂ ಒಂದೇ ತರದ್ದೂ ಅಲ್ಲ. ಇದಕ್ಕೆ ಗಣಪತಿ ಮುಂದಿನ ಬಹಿರಂಗ ಸವಾಲೇ ಸರಿ. ಒಂದು ವ್ಯತ್ಯಾಸ ನೆನಪಿರಬೇಕು: ದೇವರ ಲಾಡಿಗೆ ಭಕ್ತಿಯೂ ಜಿದ್ದೂ ಸೇರಿ ಬೆಲೆ ಏರುತ್ತದೆ, ಕಳ್ಳಿಗೆ ಏರುವುದು ತಿಳಿದವರು ಇಬ್ಬರಾದರೂ ಇದ್ದಾಗ ಮಾತ್ರ. ಒಬ್ಬರೇ ಇದ್ದರೆ ಅಪರೂಪದ ಗಿಡವೂ ಮೊದಲ ಕೂಗಿಗೇ ಹೋಗುತ್ತದೆ. ಆದ್ದರಿಂದ ಹರಾಜಿನ ಅರ್ಧ ಕೆಲಸ ಜನರನ್ನು ಕರೆತರುವುದು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಸೊಲ್ಲಾಪುರ, ಪುಣೆ, ಬೆಂಗಳೂರಿನ ಹವ್ಯಾಸಿಗಳಿಗೂ ನರ್ಸರಿಯವರಿಗೂ ಎರಡು ತಿಂಗಳು ಮೊದಲೇ ಫೋಟೊ ಸಹಿತ ಪಟ್ಟಿ ವಾಟ್ಸ್ಆ್ಯಪ್‌ನಲ್ಲಿ ಮುಟ್ಟಬೇಕು. ತೋಟಗಾರಿಕೆ ಇಲಾಖೆಯ ಫಲಪುಷ್ಪ ಪ್ರದರ್ಶನ, ವಿಶ್ವವಿದ್ಯಾಲಯದ ತೋಟಗಾರಿಕೆ ಮೇಳಗಳಲ್ಲಿ ಹತ್ತು ಒಳ್ಳೆಯ ಕುಂಡ ಇಟ್ಟು, ಪಕ್ಕದಲ್ಲಿ ಒಂದು ಫಲಕ ನಿಲ್ಲಿಸಿದರೆ ಅದಕ್ಕಿಂತ ಒಳ್ಳೆಯ ಜಾಹೀರಾತಿಲ್ಲ.

ದಿನ ಯಾವುದು? ನವೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ. ಸೆಪ್ಟೆಂಬರಿನ ಮಳೆಯಲ್ಲಿ ಗಿಡ ನೀರು ಕುಡಿದು ತೂಕವಾಗಿರುತ್ತದೆ, ಗಾಯವಾದರೆ ಕೊಳೆಯುತ್ತದೆ. ಏಪ್ರಿಲಿನ ಬಿಸಿಲಿಗೆ ಕೊಳ್ಳುವವರೇ ಬರುವುದಿಲ್ಲ. ಚಳಿಗಾಲದಲ್ಲಿ ಹೆಚ್ಚಿನ ಕಳ್ಳಿಗಳು ನಿದ್ದೆಯಲ್ಲಿರುತ್ತವೆ, ಮಣ್ಣು ಒಣಗಿರುತ್ತದೆ, ಸಾಗಾಟ ಹಗುರ. ಆದರೆ ಬನದ ಹುಣ್ಣಿಮೆಯ ಆಸುಪಾಸು ಬಾದಾಮಿ ಬನಶಂಕರಿ ಜಾತ್ರೆ. ಆ ವಾರಗಳಲ್ಲಿ ವಸತಿಗೃಹ, ವಾಹನ, ಆಳು ಮೂರೂ ದುಬಾರಿ. ಜಾತ್ರೆಯ ಜನ ಬಂದು ಕೊಂಡಾರೆಂಬ ಲೆಕ್ಕವೂ ಸುಳ್ಳು; ಅವರು ಬರುವುದು ಶಾಕಂಬರಿಗೆ ಕೈಮುಗಿಯಲು, ನಾಟಕ ನೋಡಲು. ಜಾತ್ರೆ ಮುಗಿದು ಊರು ಉಸಿರು ಬಿಟ್ಟ ಮೇಲಿನ ಭಾನುವಾರ ಚೆನ್ನ.

ಲೆಕ್ಕದ ಮಾತು

ಒಂದು ಸಾವಿರ ಕುಂಡ ಎಂದಿಟ್ಟುಕೊಂಡರೆ ಸಾವಿರ ಸಲ ಕೂಗಲಾಗದು. ಚುರುಕಾದವರು ಕೂಗಿದರೂ ತಾಸಿಗೆ 50 ಲಾಟು ಮುಗಿದರೆ ದೊಡ್ಡದು. ಹಾಗಾಗಿ ಒಳ್ಳೆಯ, ವಯಸ್ಸಾದ, ಚೀಟಿಯಿರುವ 120 ಗಿಡಗಳು ಒಂಟಿ ಲಾಟು. ಮಧ್ಯಮ ದರ್ಜೆಯ 300 ಕುಂಡಗಳು ಐದೈದರ 60 ಲಾಟು. ಒಟ್ಟು 180, ಮೂರೂವರೆ ತಾಸು ಚಿಲ್ಲರೆ. ಉಳಿದ 580 ಸಸಿ, ಮರಿಗಳಿಗೆ ಸವಾಲೇ ಬೇಡ. ಮಂಟಪದ ಒಂದು ಬದಿಗೆ ಮೇಜು ಹಾಕಿ, ದರ ಬರೆದು ಮಾರಿದರಾಯಿತು. ಸವಾಲು ನೋಡಲು ಬಂದು ಕೈ ಎತ್ತಲು ಸಂಕೋಚಪಡುವ ಊರಿನ ಹೆಣ್ಣುಮಕ್ಕಳು, ಶಾಲೆಯ ಹುಡುಗರು ಕೊಳ್ಳುವುದು ಅಲ್ಲೇ. ಹೂವು ಕಾಣುವ ಅಡೇನಿಯಂಗಳು ಆ ಮೇಜಿನ ಮುಂದಿನ ಸಾಲಿನಲ್ಲಿರಲಿ; ಅವು ಕಳ್ಳಿಯಲ್ಲದಿದ್ದರೂ ಜನರನ್ನು ಎಳೆಯುತ್ತವೆ.

ಐದರ ಲಾಟಿನಲ್ಲಿ ನಾಲ್ಕು ಕಸ, ಒಂದು ಚೆಂದ ಎಂದು ಕಟ್ಟುವ ಜಾಣತನ ಈರುಳ್ಳಿ ಚೀಲದ ಮೇಲ್ಗಡೆ ದಪ್ಪ ಗಡ್ಡೆ ಇಟ್ಟ ಹಾಗೆ. ಎರಡನೇ ಲಾಟಿಗೆ ಗುಟ್ಟು ಬಯಲು.

ತಿಂಗಳ ಮೊದಲು ಒಂಟಿ ಲಾಟುಗಳನ್ನೆಲ್ಲ ಕುಂಡದಿಂದ ಬಿಡಿಸಿ ಬೇರು ನೋಡಬೇಕು. ಬೇರಿನ ನಡುವೆ ಬಿಳಿ ಹತ್ತಿಯಂಥ ಚುಕ್ಕೆಗಳಿದ್ದರೆ ಹಿಟ್ಟುತಿಗಣೆ. ಒಂದು ಕುಂಡದಿಂದ ಕೊಂಡವರ ಇಡೀ ಮಾಳಿಗೆಗೆ ಹಬ್ಬುತ್ತದೆ. ಅಂಥದ್ದನ್ನು ಬೇರೆಯಿಟ್ಟು, ಬೇರು ತೊಳೆದು, ಔಷಧಿ ಮಾಡಿ, ಪೂರ್ತಿ ಗುಣವಾದರೆ ಮಾತ್ರ ಹರಾಜಿಗೆ. ಬುಡ ಒತ್ತಿದರೆ ಮೆತ್ತಗಾಗಿದ್ದರೆ ಕೊಳೆ. ಗಟ್ಟಿಯಾಗಿ ಕಂದುಬಣ್ಣವಿದ್ದರೆ ಅದು ವಯಸ್ಸಿನ ತೊಗಟೆ, ರೋಗವಲ್ಲ. ಹೊಸಬರು ಇದನ್ನೇ ಕೊಳೆ ಎಂದು ಹೆದರುವುದರಿಂದ ಕೈಪಿಡಿಯಲ್ಲಿ ಒಂದು ಸಾಲು ಬರೆದರೆ ಒಳಿತು. ಬಿಸಿಲ ಸುಟ್ಟಗಾಯ, ಇಲಿ ಕಡಿದ ಗುರುತು, ಕಸಿ ಮಾಡಿದ್ದು, ಎಲ್ಲವೂ ಪಟ್ಟಿಯಲ್ಲಿ ನಮೂದಾಗಬೇಕು. ಹಸಿರು ಕಾಂಡದ ಮೇಲೆ ಕೆಂಪು, ಹಳದಿ ಚೆಂಡು ಕೂರಿಸಿದ ಗಿಡಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಆ ಚೆಂಡಿನಲ್ಲಿ ಹಸಿರಿಲ್ಲ. ಕೆಳಗಿನ ಡ್ರ್ಯಾಗನ್ ಹಣ್ಣಿನ ಕಾಂಡ ಉಣಿಸುವವರೆಗಷ್ಟೇ ಅದರ ಆಯುಷ್ಯ. ಹರಾಜಿಗೆ ಎರಡು ಮೂರು ವಾರ ಮೊದಲೇ ನೀರು ನಿಲ್ಲಿಸಬೇಕು.

ಆರಂಭದ ಬೆಲೆ ಕಡಿಮೆ ಇರಲಿ. ಇದು ಮಾಲೀಕರ ಹೊಟ್ಟೆಗೆ ಸಂಕಟ ತರುವ ಸಲಹೆ, ಆದರೂ ಸರಿಯಾದದ್ದು. ಮೂವತ್ತು ವರ್ಷ ಸಾಕಿದ ಗಿಡವನ್ನು ನೂರು ರೂಪಾಯಿಯಿಂದ ಕೂಗುವುದೇ ಎಂದು ಕೇಳುವವರು, ಐದು ಸಾವಿರದಿಂದ ಕೂಗಿ ಯಾರೂ ಬಾಯಿ ಬಿಡದಿದ್ದಾಗಿನ ಮೌನವನ್ನು ಊಹಿಸಿಕೊಳ್ಳಬೇಕು. ಆ ಮೌನ ಮುಂದಿನ ಹತ್ತು ಲಾಟುಗಳನ್ನೂ ತಿನ್ನುತ್ತದೆ. ತೀರ ಅಪರೂಪದ ಹತ್ತಿಪ್ಪತ್ತಕ್ಕೆ ಮಾತ್ರ ಕನಿಷ್ಠ ಬೆಲೆ ಇಟ್ಟು, ಅದನ್ನು ಸಾರಿ ಹೇಳುವುದು ಮರ್ಯಾದೆಯ ದಾರಿ. ಏರಿಕೆಯೂ ನಿಗದಿಯಾಗಿರಲಿ: 500 ರೂಪಾಯಿವರೆಗೆ 50ರಂತೆ, 2,000ದವರೆಗೆ 100ರಂತೆ, ಆಮೇಲೆ 250ರಂತೆ ಎಂದರೆ ‘ಐದ್ ರೂಪಾಯಿ ಮ್ಯಾಲ’ ಎಂಬ ಜಗ್ಗಾಟ ಇರುವುದಿಲ್ಲ. ಬರಲಾಗದವರು ತಮ್ಮ ಕೊನೆಯ ಬೆಲೆಯನ್ನು ಮುಚ್ಚಿದ ಚೀಟಿಯಲ್ಲಿ ಕಳಿಸಬಹುದು; ಒಬ್ಬ ಗುಮಾಸ್ತರು ಅವರ ಪರವಾಗಿ ಅಷ್ಟರವರೆಗೆ ಕೂಗುತ್ತಾರೆ. ಇದನ್ನೂ ಮೊದಲೇ ಸಾರಿರಬೇಕು.

ಸವಾಲಿನ ದಿನ

ಮದುವೆಯಿಲ್ಲದ ಭಾನುವಾರ ಮಂಗಲ ಕಾರ್ಯಾಲಯ ಕಡಿಮೆ ಬಾಡಿಗೆಗೆ ಸಿಗುತ್ತದೆ. ನೆಲಮಹಡಿಯದ್ದೇ ಆಗಲಿ, ಟೆಂಪೊ ಬಾಗಿಲತನಕ ಬರುವಂತಿರಲಿ. ಹೊರಗೆ ಮೈಕ್ ಕಟ್ಟುವುದಾದರೆ ಪೊಲೀಸರ ಅನುಮತಿ ಬೇಕು. ಟೊಮೆಟೊ ಕ್ರೇಟುಗಳು ಕುಂಡ ಸಾಗಿಸಲು ಹೇಳಿ ಮಾಡಿಸಿದಂತಿವೆ. ಹಮಾಲರಿಗೆ ದಪ್ಪ ಚರ್ಮದ ಕೈಗವಸು ಕೊಟ್ಟು, ಕ್ರೇಟಿನ ಸಂಖ್ಯೆ ಹೇಗೆ ಓದಬೇಕೆಂದು ಹಿಂದಿನ ದಿನವೇ ತೋರಿಸಬೇಕು.

ಮೇಜಿನ ಮೇಲೆ ಎರಡು ವಸ್ತು ಮರೆಯಬಾರದು: ಚಿಮಟಿಗೆ ಮತ್ತು ಅಗಲದ ಸೆಲೊಟೇಪು. ಪಾಪಾಸುಕಳ್ಳಿ ಜಾತಿಯ ಕೆಲವು ಗಿಡಗಳಲ್ಲಿ ಮುಳ್ಳೇ ಕಾಣುವುದಿಲ್ಲ, ಹಳದಿ ಮಖಮಲ್ಲಿನ ಚುಕ್ಕೆಗಳಂತಿರುತ್ತವೆ. ಮಕ್ಕಳು ಸವರಿದರೆ ಕೂದಲಿಗಿಂತ ಸಣ್ಣ ನೂರಾರು ಮುಳ್ಳು ಚರ್ಮಕ್ಕೆ. ಟೇಪು ಅಂಟಿಸಿ ಕಿತ್ತರೆ ಕೆಲವು ಬರುತ್ತವೆ, ಉಳಿದವಕ್ಕೆ ಚಿಮಟಿಗೆ. ಯೂಫೋರ್ಬಿಯದ ಹಾಲು ಕಣ್ಣಿಗೆ ಬಿದ್ದರೆ ತಡಮಾಡದೆ ನೀರಿನಿಂದ ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು.

ಬೆಳಿಗ್ಗೆ ಎಂಟರಿಂದ ಹತ್ತೂವರೆ ನೋಡುವ ಹೊತ್ತು. ರಾಮನಗರದ ಗೂಡಿನಂತೆ ಹಿಡಿದು ನೋಡಲಾಗದಿದ್ದರೂ, ಕೇಳಿದವರಿಗೆ ಕುಂಡ ಓರೆ ಮಾಡಿ ಬೇರು ತೋರಿಸುವ ಆಳು ಇರಬೇಕು. ಬಂದವರೆಲ್ಲ ಹೆಸರು, ಫೋನು ಬರೆಸಿ, ಒಂದಷ್ಟು ಠೇವಣಿಯಿಟ್ಟು ಸಂಖ್ಯೆಯ ಹಲಗೆ ಪಡೆಯುತ್ತಾರೆ. ಹೆಸರಿನ ಬದಲು ಹಲಗೆಯ ಸಂಖ್ಯೆ ಕೂಗಿದರೆ ‘ಪಾಟೀಲ್ ಅಂದ್ರ ಯಾವ ಪಾಟೀಲ್’ ಎಂಬ ಗೊಂದಲ ತಪ್ಪುತ್ತದೆ.

ಹನ್ನೊಂದಕ್ಕೆ ಶುರು. ಮೊದಲ ಇಪ್ಪತ್ತು ಲಾಟು ಮಧ್ಯಮದವು. ಜನ ಕೈ ಎತ್ತಲು ಪಳಗಲಿ. ಸಂಗ್ರಹದ ರತ್ನಗಳು ನಲವತ್ತರಿಂದ ನೂರರ ನಡುವೆ, ಅಂದರೆ ಊಟಕ್ಕೆ ಮುಂಚೆ. ರೊಟ್ಟಿ, ಎಣ್ಣೆಗಾಯಿ ಉಂಡು ಬಂದವರ ಕೈ ಅಷ್ಟು ಸುಲಭಕ್ಕೆ ಮೇಲೇಳುವುದಿಲ್ಲ. ಸವಾಲು ಕೂಗಲು ಗಿಡದ ಪಂಡಿತರಿಗಿಂತ ಜಾತ್ರೆ, ಗಣಪತಿ ಸವಾಲಿನಲ್ಲಿ ಹೆಸರಾದವರೇ ಮೇಲು. ಲ್ಯಾಟಿನ್ ಹೆಸರು ಅವರ ನಾಲಗೆಗೆ ತೊಡಕಾದರೆ ಪಕ್ಕದಲ್ಲಿ ಒಬ್ಬರು ಗಿಡ ಎತ್ತಿ ಹಿಡಿದು ಹೆಸರು ಹೇಳಲಿ, ಕೂಗುವವರು ಸಂಖ್ಯೆ ಮತ್ತು ಬೆಲೆ ಮಾತ್ರ ನೋಡಿಕೊಳ್ಳಲಿ. ಬರೆಯುವವರು ಇಬ್ಬರು: ಒಬ್ಬರು ಪುಸ್ತಕದಲ್ಲಿ, ಇನ್ನೊಬ್ಬರು ಕಂಪ್ಯೂಟರಿನಲ್ಲಿ. ಪ್ರತಿ ಇಪ್ಪತ್ತು ಲಾಟಿಗೊಮ್ಮೆ ಎರಡೂ ತಾಳೆಯಾಗಬೇಕು. ತಾಳೆಯಾಗದ ಲೆಕ್ಕ ಸಂಜೆ ಆರಕ್ಕೆ ಸಿಕ್ಕರೆ ಆ ಲಾಟು ಕೊಂಡವರು ಆಗಲೇ ಗದಗ ದಾಟಿರುತ್ತಾರೆ.

ಹಣದ ಮಾತು ಚಿಕ್ಕದು. ಜೀವಂತ ಸಸ್ಯಗಳಿಗೆ ಜಿಎಸ್‌ಟಿ ಇಲ್ಲ. ಬೆಲೆಬಾಳುವ ಕುಂಡ, ಕಬ್ಬಿಣದ ಸ್ಟ್ಯಾಂಡು ಬೇರೆ ಲೆಕ್ಕ. ಒಬ್ಬರಿಂದ ಒಂದೇ ದಿನ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಹಣ ಬಂದ ರಸೀದಿ ತೋರಿಸಿದ ಮೇಲೆಯೇ ಕುಂಡ ಬಾಗಿಲು ದಾಟಬೇಕು, ಬಂಧುಗಳದ್ದಾದರೂ.

ದೂರದವರಿಗೆ ಗಿಡವನ್ನು ಕುಂಡದೊಂದಿಗೆ ಕೊಡದೆ, ಮಣ್ಣು ಕೊಡವಿ, ಬರಿಬೇರಿನಲ್ಲಿ ಕೊಡುವುದೇ ಕ್ಷೇಮ. ಹಳೆ ಪತ್ರಿಕೆಯನ್ನು ನಾಲ್ಕು ಸುತ್ತು ಸುತ್ತಿ, ಉದ್ದ ಮುಳ್ಳಿಗೆ ಥರ್ಮೊಕೋಲ್ ಚೂರು ಸಿಕ್ಕಿಸಿ, ರಟ್ಟಿನ ಪೆಟ್ಟಿಗೆಯಲ್ಲಿ ಅಲುಗಾಡದಂತೆ ಇಟ್ಟರೆ ಕಳ್ಳಿ ವಾರಗಟ್ಟಲೆ ತಾಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿದರೆ ಎರಡೇ ದಿನದಲ್ಲಿ ಬೆವತು ಕೊಳೆಯುತ್ತದೆ. ಸಾರಿಗೆ ಸಂಸ್ಥೆಗಳು 2021ರಲ್ಲಿ ಶುರುಮಾಡಿದ ‘ನಮ್ಮ ಕಾರ್ಗೋ’ ಸೇವೆಯಲ್ಲಿ ಬಸ್ಸಿಗೆ ಪೆಟ್ಟಿಗೆ ಹಾಕಬಹುದು. ಹೆಸರಿನ ಪಟ್ಟಿ ಗಿಡದ ಜೊತೆಗೇ, ಪತ್ರಿಕೆಯ ಒಳಸುತ್ತಿನಲ್ಲಿ ಹೋಗಬೇಕು. ಪೆಟ್ಟಿಗೆಯ ಹೊರಗೆ ಅಂಟಿಸಿದ್ದು ಊರು ಮುಟ್ಟುವಷ್ಟರಲ್ಲಿ ಹರಿದಿರುತ್ತದೆ.

ಮಾರಾಟವಾಗದೆ ಉಳಿದವನ್ನು ಅದೇ ದಿನ ಮತ್ತೆ ಕೂಗುವುದು ಬೇಡ. ಸಂಜೆ ಮೇಜಿಗೆ ಸರಿಸಿ, ದರ ಬರೆದಿಟ್ಟರೆ ಕೆಲವು ಹೋಗುತ್ತವೆ. ಇನ್ನೂ ಉಳಿದದ್ದು ಕಾಲೇಜಿನ ತೋಟಕ್ಕೋ ಶಾಲೆಯ ಅಂಗಳಕ್ಕೋ. ಕೊನೆಯ ಲಾಟು ಮಾಳಿಗೆಯ ಕಬ್ಬಿಣದ ಸ್ಟ್ಯಾಂಡು, ನೆರಳುಬಲೆ, ಖಾಲಿ ಕುಂಡಗಳ ರಾಶಿ. ಇಷ್ಟು ಹೊತ್ತು ಸುಮ್ಮನೆ ಕುಳಿತಿದ್ದ ರೈತರು ಬಾಯಿ ತೆರೆಯುವುದು ಆಗ, ಬಲೆಗೆ. ಹೊರಡುವ ಪ್ರತಿಯೊಬ್ಬರ ಕೈಗೂ ಒಂದು ಸಣ್ಣ ಕಾಗದ ಕೊಡಬೇಕು, ಅದರಲ್ಲಿ ಮೂರೇ ಸಾಲು: ಬರಿಬೇರಿನ ಗಿಡವನ್ನು ಒಣಮಣ್ಣಿನಲ್ಲಿ ನೆಡಿ. ಒಂದು ವಾರ ನೀರು ಹಾಕಬೇಡಿ. ಹದಿನೈದು ದಿನ ಅರೆನೆರಳಿನಲ್ಲಿಡಿ.